ಹೊನ್ನವ್ವನ ಬಂಡೆ

ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದಿದ್ದ ಕಾಲದಲ್ಲಿ ಕರಿಗಲ್ಲು ಎಂಬ ರಾಜ್ಯವಿತ್ತು. ಅಲ್ಲಿ ಗುಡಿಯಿರಲಿಲ್ಲ, ಗುರುವಿರಲಿಲ್ಲ. ಜಗಳಕ್ಕೇನೂ ಬರವಿರಲಿಲ್ಲ, ಆದರೆ ಅವು ಹೊಲದ ಬದುವಿನ ಜಗಳಗಳು, ಸಂಜೆಯೊಳಗೆ ಮುಗಿಯುತ್ತಿದ್ದವು.

ಆ ರಾಜ್ಯದಲ್ಲಿ ಹೊನ್ನವ್ವ ಎಂಬವಳಿದ್ದಳು. ಬಂಡೆ ಒಡೆಯುವ ಕಸುಬಿನ ಗಂಡ ತೀರಿಹೋಗಿದ್ದ. ಮೂವರು ಮಕ್ಕಳು: ಕೆಂಚ, ಕರಿಯ, ಕಿರಿಯ ಮಗಳು ಬೆಳ್ಳಿ. ಒಂದು ದಿನ ಧೂಮಾಂಗನೆಂಬ ಮಾಂತ್ರಿಕ ಹೊಗೆಯ ಮೇಲೆ ಕೂತು ಬಂದ. "ನಾನೇ ದೇವರು, ಅಡ್ಡಬೀಳಿ" ಎಂದ. ಊರಿಗೆ ಊರೇ ಅಡ್ಡಬಿತ್ತು. ಹೊನ್ನವ್ವ ಮಾತ್ರ ಬೀಸುವ ಕಲ್ಲು ಬಿಟ್ಟು ಏಳಲಿಲ್ಲ.

"ರಾಗಿ ಬೀಸೋದೈತೆ ಕಣಪ್ಪ, ಮಕ್ಕಳು ಹಸ್ಕೊಂಡವೆ. ಆಮ್ಯಾಕೆ ಬಾ" ಎಂದಳು.

ಮಾಂತ್ರಿಕ ಸಿಟ್ಟಿನಿಂದ ಅವಳನ್ನು ಊರಾಚೆಯ ದೊಡ್ಡ ಬಂಡೆಯೊಳಗೆ ಹುಗಿದ. ಮಕ್ಕಳು ಅತ್ತರು. ಅವನು ನಕ್ಕ.

"ಮೂರನೆಯ ಸುಗ್ಗಿ ಮುಗಿಯುವ ಹೊತ್ತಿಗೆ ಇವಳೂ ಕಲ್ಲಾಗುತ್ತಾಳೆ. ಒಲೆಯ ಬೆಂಕಿ, ಬಾವಿಯ ನೀರು ಈ ಬಂಡೆಗೆ ನಾಟುವುದಿಲ್ಲ. ಮೂರು ದಿಕ್ಕಿನ ಮೂರು ಮೃಗಗಳ ಬಳಿ ಮೂರು ವರಗಳಿವೆ. ಮೂರೂ ಸೇರಿದರೆ ಬಂಡೆ ಒಡೆಯುತ್ತದೆ, ನಾನು ಬೂದಿಯಾಗುತ್ತೇನೆ. ಸೇರಿಸಿ, ನೋಡೋಣ!"

ಕೆಂಚ ಮೂಡಲಿಗೆ ಹೋದ. ಅಲ್ಲಿ ಬೆಂಕಿಸಿಂಹ ಕೂತಿತ್ತು. "ನನ್ನ ಬಾಯಲ್ಲಿ ಕೈಯಿಡು" ಎಂದಿತು. ಕೈ ಸುಟ್ಟರೂ ಕೆಂಚ ಹಿಂದೆಗೆಯಲಿಲ್ಲ. ಸಿಂಹ ಒಂದು ಕೆಂಡ ಕೊಟ್ಟಿತು. "ಇದು ನಿನ್ನ ಮಾತು ಮಾತ್ರ ಕೇಳುತ್ತದೆ. ಬಂಡೆಯನ್ನು ಕಾಯಿಸು."

ಕರಿಯ ಪಡುವಲಿಗೆ ಹೋದ. ಅಲ್ಲಿ ಮಾತಾಡುವ ಮೊಸಳೆಯಿತ್ತು. "ಮಡುವಿನ ತಳಕ್ಕೆ ಬಾ" ಎಂದಿತು. ಉಸಿರು ಕಟ್ಟಿದರೂ ಕರಿಯ ಹಿಂದೆಗೆಯಲಿಲ್ಲ. ಮೊಸಳೆ ಒಂದು ಗಿಂಡಿ ನೀರು ಕೊಟ್ಟಿತು. "ಇದು ನಿನ್ನ ಮಾತು ಮಾತ್ರ ಕೇಳುತ್ತದೆ. ಕಾದ ಬಂಡೆಯ ಮೇಲೆ ಹೊಯ್ಯಿ."

ಬೆಳ್ಳಿ ಬಡಗಲಿಗೆ ಹೋದಳು. ಅಲ್ಲಿ ಸಾವಿರ ವರ್ಷದ ಆಮೆಯಿತ್ತು. "ಒಂದು ವರ್ಷ ತುಟಿ ಬಿಚ್ಚದೆ ಕೂರು" ಎಂದಿತು. ಬೆಳ್ಳಿ ಕೂತಳು. ಆಮೆ ಅವಳ ಕಿವಿ ಮುಟ್ಟಿತು. "ಇನ್ನು ಕಲ್ಲಿನ ಒಳಗಿನ ಸದ್ದು ನಿನಗೆ ಕೇಳುತ್ತದೆ. ಬಿರುಕು ಎದ್ದ ಕಡೆ ಒಂದೇ ಏಟು ಹಾಕು."

ಇಷ್ಟಾದರೆ ಮುಗಿಯಿತಲ್ಲ ಎನ್ನುತ್ತೀರಿ. ಮೃಗಗಳ ಕಾಟ ಮುಗಿಯಿತು, ಮನುಷ್ಯರದು ಶುರುವಾಯಿತು.

ದಾರಿಯಲ್ಲಿ ಮಗು ಸತ್ತ ತಾಯೊಬ್ಬಳು ಕೆಂಡ ಕಂಡು ಕೆಂಚನ ಕಾಲು ಹಿಡಿದಳು. "ಸತ್ತೋರು ಎಲ್ಲಿಗೆ ಹೋಗ್ತಾರೆ, ಸ್ವಾಮಿ?" ಕೆಂಚ "ಗೊತ್ತಿಲ್ಲ ಕಣವ್ವ" ಎಂದ. ಅವಳು ಬಿಡಲಿಲ್ಲ. ಅವನು ಕೆಂಡದ ಕಡೆ ನೋಡಿ, "ಮೇಲಕ್ಕೆ" ಎಂದ. ಅವಳು ಕಣ್ಣೊರೆಸಿಕೊಂಡು ಹಿಂದೆಯೇ ನಡೆದಳು. ಊರಿಂದೂರಿಗೆ ಜನ ಸೇರಿದರು, ತುಪ್ಪ ತಂದರು. ಪಡುವಲ ದಾರಿಯಲ್ಲಿ ಕರಿಯನನ್ನೂ ಜನ ಇದನ್ನೇ ಕೇಳಿದರು. ಅವನು ಗಿಂಡಿ ನೋಡಿ, "ಹರಿದು ಹೋಗ್ತಾರೆ" ಎಂದ. ಬಡಗಲಲ್ಲಿ ಇಂಥದೇ ಇನ್ನೊಬ್ಬ ತಾಯಿ ಕೇಳಿದಾಗ ಬೆಳ್ಳಿ ಅವಳನ್ನು ತಬ್ಬಿಕೊಂಡು ಅತ್ತಳು. ಏನೂ ಹೇಳಲಿಲ್ಲವೆಂದು ಅದೂ ಒಂದು ಉಪದೇಶವಾಯಿತು. ಬೆಳ್ಳಿಯ ಹಿಂದೆಯೂ ಜನ ತುಟಿ ಬಿಗಿದುಕೊಂಡು ಬಂದರು.

ಮೂರನೆಯ ಸುಗ್ಗಿಯಲ್ಲಿ ಮೂವರೂ ಬಂಡೆಯ ಮುಂದೆ ಸೇರಿದರು. ಅಣ್ಣಂದಿರು ವರಗಳ ವಿಷಯ ಹೇಳಿದರು. ಬೆಳ್ಳಿ ಕುಣಿದಾಡಿದಳು.

"ಅಣ್ಣಾ, ಇದು ಅಪ್ಪ ದಿನಾ ಮಾಡ್ತಿದ್ದ ಕೆಲ್ಸ ಅಲ್ವಾ? ಬಂಡೆ ಕಾಯ್ಸೋದು, ನೀರು ಹುಯ್ಯೋದು, ಕಿವಿಗೊಟ್ಟು ಬಿರುಕು ಕೇಳಿ ಸುತ್ತಿಗೇಲಿ ಹೊಡೆಯೋದು!"

"ಮೆಲ್ಲಗೆ ಮಾತಾಡೆ," ಎಂದ ಕೆಂಚ. "ಜನ ಕೇಳಿಸ್ಕೊಂಡಾರು."

ಆದರೂ ಅವನು ಕೆಂಡ ಎತ್ತಿದ. ಅಷ್ಟರಲ್ಲಿ ಮಗು ಸತ್ತ ಆ ತಾಯಿ ಅಡ್ಡ ಬಂದಳು. "ನೀರು ಬಿದ್ದು ಕೆಂಡ ಆರಿದ್ರೆ ನನ್ನ ಕೂಸಿನ ಗತಿಯೇನು, ಸ್ವಾಮಿ?" ಕೆಂಚ ಕೈ ಇಳಿಸಿದ. ಅತ್ತ ಕರಿಯನ ಜನ ಗಿಂಡಿಯನ್ನು ಸುತ್ತುವರಿದರು. "ನಮ್ಮ ನೀರಿಗೆ ಮಸಿ ತಾಗಬಾರದು!" ಕರಿಯನೂ ಗಿಂಡಿ ಕೆಳಗಿಟ್ಟ. ನಾಳೆ ನೋಡೋಣ ಎಂದರು ಇಬ್ಬರೂ. ಹೀಗೆ ಎಷ್ಟು ನಾಳೆಗಳೋ ಹೋದವು.

ಸುಗ್ಗಿಯ ಕೊನೆಯ ಕಂತೆ ಕಣಕ್ಕೆ ಬಂತು. "ಅವ್ವ ಸಾಯ್ತಾವ್ಳೆ, ಬನ್ರೋ!" ಎಂದು ಬೆಳ್ಳಿ ಕಿರುಚಿದಳು. ಅವಳ ಸ್ವಂತ ಜನವೇ ಬೆರಳು ತುಟಿಗಿಟ್ಟು "ಮೌನ, ತಾಯೀ, ಮೌನ" ಎಂದರು.

ಅವಳು ಒಬ್ಬಳೇ ಬಂಡೆಗೆ ಕಿವಿಯಿಟ್ಟಳು. ಒಳಗಿನಿಂದ ಅವ್ವನ ದನಿ ಕೇಳಿಸಿತು.

"ಬೆಳ್ಳೀ, ನಿಮ್ಮಣ್ಣಂದಿರು ಉಂಡ್ರೇನೇ?"

ಬೆಳ್ಳಿ ಹಿಂದೆ ತಿರುಗಿ ನೋಡಿದಳು. ಅಣ್ಣಂದಿರ ಮುಂದೆ ಜನ ತಂದ ಎಡೆ ಬೆಟ್ಟದಷ್ಟಿತ್ತು.

"ಉಂಡ್ರು ಕಣವ್ವಾ. ಹೊಟ್ಟೆ ತುಂಬ ಉಂಡ್ರು."

ಆಮೇಲೆ ಬಂಡೆಯೊಳಗೆ ಸದ್ದಿಲ್ಲ.

ಧೂಮಾಂಗ ಬಂದು ನೋಡಿದ. ಮೂರು ಕಡೆಯಿಂದಲೂ ಜನ ಆ ಬಂಡೆಗೆ ಅಡ್ಡಬೀಳುತ್ತಿದ್ದರು. "ಇವಳೊಬ್ಬಳು ಅಡ್ಡಬೀಳಲಿಲ್ಲವೆಂದು ನಾನು ಇಷ್ಟೆಲ್ಲ ಮಾಡಿದೆ. ಈಗ ಎಲ್ಲರೂ ಇವಳಿಗೇ ಅಡ್ಡಬೀಳುತ್ತಿದ್ದಾರೆ" ಎಂದು ಹೊಗೆಯೇರಿ ಬೇರೆ ದೇಶಕ್ಕೆ ಹೋದ. ಹಾಗೆ ಮಾಂತ್ರಿಕನ ಕಾಟ ತಪ್ಪಿತು. ಕೆಂಚನವರು ಬಂಡೆಯ ಮೂಡಲಿಗೆ ಗೋಡೆ ಕಟ್ಟಿದರು, ಕರಿಯನವರು ಪಡುವಲಿಗೆ, ಮೌನದವರು ಬಡಗಲಿಗೆ. ತಮ್ಮ ತಮ್ಮ ಗೋಡೆಯೊಳಗೆ ಎಲ್ಲರೂ ಸುಖವಾಗಿದ್ದರು.

ಬೆಳ್ಳಿ ಮಾತ್ರ ಅಪ್ಪನ ಸುತ್ತಿಗೆ ಹೆಗಲಿಗಿಟ್ಟು ಊರು ಬಿಟ್ಟಳು. ದೂರದ ಸೀಮೆಯಲ್ಲಿ ಕೂಲಿಗೆ ಬಂಡೆ ಒಡೆಯುತ್ತಾಳಂತೆ. ಸೌದೆ ಉರಿಸುತ್ತಾಳೆ, ನೀರು ಹೊಯ್ಯುತ್ತಾಳೆ, ಕಿವಿಗೊಟ್ಟು ಕೇಳಿ ಒಂದೇ ಏಟು ಹಾಕುತ್ತಾಳೆ. ಬಂಡೆ ಒಡೆಯುತ್ತದೆ. ಒಳಗೆ ಯಾರೂ ಇರುವುದಿಲ್ಲ.