ಎಂಟು ಗಂಟೆಯ ಬ್ಯಾಂಕಾಕ್

ಶಾಂತಕುಮಾರಿಗೆ ಬೇಕಾಗಿದ್ದದ್ದು ನಿದ್ದೆ. ಮಧ್ಯೆ ಯಾರೂ ಎಬ್ಬಿಸದ ಒಂದು ರಾತ್ರಿ, ಅದರ ಮಾರನೆಯ ದಿನ ಅಂಥದ್ದೇ ಇನ್ನೊಂದು. ತಾನು ಮಾಡಹೊರಟಿದ್ದನ್ನು ಅಪರಾಧ ಅನ್ನುವವರು ಮೊದಲು ಮರ್ಫಿ ಟೌನಿನ ಆ ಮನೆಯಲ್ಲಿ ಒಂದು ವಾರ ಮಲಗಿ ನೋಡಲಿ ಎಂದು ಅವಳು ಮನಸ್ಸಿನಲ್ಲೇ ಎಷ್ಟೋ ಸಲ ವಾದ ಹೂಡಿದ್ದಳು. ಎದುರು ವಾದಿಸುವವರು ಯಾರೂ ಇರಲಿಲ್ಲವಾದ್ದರಿಂದ ಪ್ರತಿ ಸಲವೂ ಅವಳೇ ಗೆಲ್ಲುತ್ತಿದ್ದಳು.

ಮಾವ ಮುನಿಕೃಷ್ಣಪ್ಪ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ರಿಟೈರ್ ಆಗಿ ಯಾವ ಕಾಲವೋ ಆಗಿತ್ತು. ಆದರೆ ಮರೆವು ಶುರುವಾದ ಮೇಲೆ ಅವರು ಮತ್ತೆ ಕೆಲಸಕ್ಕೆ ಸೇರಿಕೊಂಡಿದ್ದರು. ಹಾಲಿನವನು ಬರುವ ಮೊದಲೇ ಎದ್ದು, ಪ್ಯಾಂಟಿನ ಮೇಲೊಂದು ಪ್ಯಾಂಟು ಏರಿಸಿ, ಬಾಗಿಲ ಚಿಲಕ ತಡಕುತ್ತಿದ್ದರು.

"ಬಾಗಿಲು ತೆಗಿಯಮ್ಮ, ಶಿಫ್ಟ್ ಬಸ್ಸು ಹೊರಟೋಗುತ್ತೆ."

"ಇವತ್ತು ರಜಾ ಮಾವ."

"ಯಾವ ರಜಾ?"

"ಬುದ್ಧ ಪೂರ್ಣಿಮೆ."

ಕೆಲವು ದಿನ ಮಧ್ಯಾಹ್ನದೊಳಗೆ ನಾಲ್ಕೈದು ಬುದ್ಧ ಪೂರ್ಣಿಮೆಗಳು ಆಗಿಹೋಗುತ್ತಿದ್ದವು. ರಾತ್ರಿ ಅವಳು ತನ್ನ ಸೀರೆಯ ಸೆರಗನ್ನು ಅವರ ಮಣಿಕಟ್ಟಿಗೆ ಕಟ್ಟಿಕೊಂಡು ಮಲಗುತ್ತಿದ್ದಳು. ಎಳೆದರೆ ಎಚ್ಚರ. ಗಂಡ ಮುತ್ತುರಾಜ್ ಬದುಕಿದ್ದಾಗ ಈ ಕೆಲಸ ಇಬ್ಬರದ್ದಾಗಿತ್ತು. ಅವನು ಎದೆ ಹಿಡಿದುಕೊಂಡು ಕೂತವನು ಹಾಗೇ ಹೋದ ಮೇಲೆ ಅವಳೊಬ್ಬಳದ್ದಾಯಿತು. ಮಕ್ಕಳಿರಲಿಲ್ಲ.

ಮಾವನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಒಳ್ಳೆಯ ಮನುಷ್ಯ, ಸೊಸೆಯೆಂದು ಒಂದು ದಿನ ದನಿ ಏರಿಸಿದವರಲ್ಲ. ಸಿಟ್ಟಿದ್ದದ್ದು ನಾದಿನಿ ಹೇಮಶ್ರೀಯ ಮೇಲೆ. ಇಂದಿರಾನಗರದ ಅಪಾರ್ಟ್‌ಮೆಂಟಿನಿಂದ ಭಾನುವಾರ ಕೇಕು ಹಿಡಿದು ಬರುವಳು, ಅಪ್ಪನ ಹೆಗಲ ಮೇಲೆ ತಲೆಯಿಟ್ಟು ಫೋಟೊ ತೆಗೆದುಕೊಳ್ಳುವಳು, ಕಾಫಿ ಆರುವ ಮೊದಲೇ ಹೊರಡುವಳು.

"ನೀವು ದೇವತೆ ಕಣ್ರೀ ಅತ್ತಿಗೆ. ನನ್ ಕೈಲಿ ಆಗ್ತಾನೇ ಇರ್ಲಿಲ್ಲ."

ಒಂದು ಹತ್ತು ದಿನ ನಿನ್ನ ಹತ್ತಿರ ಇಟ್ಟುಕೋ ಹೇಮಾ ಎಂದು ಶಾಂತಕುಮಾರಿ ಕೇಳಿಯೂ ನೋಡಿದ್ದಳು. ಮನೆ ಮೇಲಿನ ಮಹಡಿಯಲ್ಲಿದೆ, ಬಾಲ್ಕನಿ ಬೇರೆ, ಅಪ್ಪ ಬಿದ್ದುಗಿದ್ದರೆ ಅಂದಳು. ಯಾವುದಾದರೂ ವೃದ್ಧರ ಹೋಮಿಗೆ ಸೇರಿಸೋಣವೇ ಅಂದದ್ದಕ್ಕೆ ಹೇಮಶ್ರೀಯ ಕಣ್ಣಲ್ಲಿ ನೀರೇ ಬಂತು. "ಮನೆ ಇದೆ, ನೀವಿದ್ದೀರಿ. ಜನ ಏನಂತಾರೆ ಅತ್ತಿಗೆ?" ಆ ದಾರಿ ಅಲ್ಲಿಗೆ ಮುಚ್ಚಿತು.

ಇನ್ನೊಂದು ದಾರಿ ತೆಗೆದವಳೂ ಅವಳೇ. ಗಂಡ ಹೆಂಡತಿ ಹೋಗಲೆಂದು ಹಡಗಿನ ಪ್ರವಾಸ ಬುಕ್ ಮಾಡಿದ್ದರು. ಗಂಡನ ಆಫೀಸಿನಲ್ಲಿ ಏನೋ ತೊಡಕಾಗಿ ಹೋಗುವ ಹಾಗಿರಲಿಲ್ಲ; ಟಿಕೆಟ್ ವಾಪಸ್ ತಗೊಳ್ಳುವುದಿಲ್ಲ, ಹೆಸರು ಬೇಕಾದರೆ ಬದಲಾಯಿಸುತ್ತಾರಂತೆ.

"ಅಪ್ಪನ್ನ ಕರ್ಕೊಂಡು ನೀವೇ ಹೋಗ್ಬನ್ನಿ ಅತ್ತಿಗೆ. ಸಿಂಗಾಪುರದಲ್ಲಿ ಹತ್ತೋದು, ಸೈಗಾನ್, ಬ್ಯಾಂಕಾಕ್ ನೋಡ್ಕೊಂಡು ವಾಪಸ್ಸು. ನಿಮಗೂ ಸ್ವಲ್ಪ ರೆಸ್ಟ್ ಸಿಗುತ್ತೆ."

ರೆಸ್ಟು! ಚಿಲಕ ಹಾಕಿದ ಮನೆಯಲ್ಲೇ ಹಿಡಿದಿಡಲಾಗದವರನ್ನು ಸಮುದ್ರದ ಮೇಲೆ ಕರೆದುಕೊಂಡು ಹೋದರೆ ಸಿಗುವ ರೆಸ್ಟು. ಆಗುವುದಿಲ್ಲ ಅನ್ನಲು ಬಾಯಿ ತೆರೆದಿದ್ದಳು. ಅಷ್ಟರಲ್ಲಿ ಹೇಮಶ್ರೀ ಚಪ್ಪಲಿ ಮೆಟ್ಟುತ್ತಾ ನಗಾಡಿದಳು: "ಒಂದೊಂದು ಊರಲ್ಲೂ ಎಂಟು ಗಂಟೆ ನಿಲ್ಲುತ್ತೆ ಅಷ್ಟೆ. ಟೈಮಿಗೆ ಬರದವರನ್ನ ಬಿಟ್ಟು ಹೊರಟೇ ಹೋಗ್ತಾರಂತೆ, ಹುಷಾರು."

ಶಾಂತಕುಮಾರಿ ಬಾಯಿ ಮುಚ್ಚಿದಳು. ಆ ಸಂಜೆ ಅಕ್ಕಿ ಆರಿಸುತ್ತಾ ಅದೇ ಮಾತನ್ನು ಮತ್ತೆ ಮತ್ತೆ ಮನಸ್ಸಿನಲ್ಲಿ ತಿರುವಿದಳು. ಬಿಟ್ಟು ಹೊರಟೇ ಹೋಗುತ್ತಾರೆ.

ಕೊಲ್ಲುವ ಯೋಚನೆ ಅವಳ ಹತ್ತಿರವೂ ಸುಳಿಯಲಿಲ್ಲ. ಒಬ್ಬ ಮುದುಕನನ್ನು ಒಂದೂರಿನಿಂದ ಇನ್ನೊಂದೂರಿಗೆ ವರ್ಗ ಮಾಡುವುದು, ಅಷ್ಟೇ. ಊರಿನ ಆಯ್ಕೆಯನ್ನೂ ಜವಾಬ್ದಾರಿಯಿಂದಲೇ ಮಾಡಿದಳು. ಸಿಂಗಾಪುರ ಬೇಡ, ಅಲ್ಲಿ ಬೋರ್ಡುಗಳ ಮೇಲೂ ತಮಿಳು. ಹಲಸೂರಿನ ಬೀದಿಯಲ್ಲಿ ಬೆಳೆದ ಮಾವನಿಗೆ ಕನ್ನಡದಷ್ಟೇ ತಮಿಳೂ ಬರುತ್ತಿತ್ತು, ಯಾರಾದರೂ ಮಾತಾಡಿಸಿಬಿಟ್ಟರೆ ಕಷ್ಟ. ಸೈಗಾನಿನಲ್ಲಿ ಅವರನ್ನು ಯಾರು ನೋಡಿಕೊಳ್ಳುತ್ತಾರೋ ಗೊತ್ತಿಲ್ಲ. ಬ್ಯಾಂಕಾಕ್ ಮಾತ್ರ ಸರಿಹೊಂದಿತು. ಓಣಿಗೊಂದು ಬುದ್ಧನ ಗುಡಿ, ಗುಡಿ ತುಂಬ ಭಿಕ್ಷುಗಳು, ಬಂದವರಿಗೆ ಊಟ. ಮಾವ ಹೆಂಡತಿಯ ಹೆಸರು ಮರೆತಿದ್ದರು, ಮಗ ಸತ್ತದ್ದನ್ನು ಮರೆತಿದ್ದರು. ಆದರೆ ತಾರುಣ್ಯದಲ್ಲಿ ದೀಕ್ಷೆ ತಗೊಂಡಾಗ ಕಲಿತ ಬುದ್ಧಂ ಶರಣಂ ಗಚ್ಛಾಮಿಯನ್ನು ಮರೆತಿರಲಿಲ್ಲ. ಆ ಊರಿಗೆ ಅಷ್ಟು ಮಾತು ಸಾಕು. ಹೇಮಶ್ರೀಯ ಬಾಲ್ಕನಿಗಿಂತ ಅದು ಮೇಲು.

ಆಮೇಲಿನದ್ದೆಲ್ಲ ಸಣ್ಣಪುಟ್ಟ ಕೆಲಸ. ಮಾವ ಮಲಗಿದ್ದಾಗ, ಸದ್ದಿಗೆ ಎದ್ದಾರೆಂದು ಫೋನಿನ ದನಿ ಪೂರ್ತಿ ಅಡಗಿಸಿ, ಹಡಗಿನವರು ಎಂಟು ಗಂಟೆಯಲ್ಲಿ ಬ್ಯಾಂಕಾಕ್ ನೋಡುವ ವಿಡಿಯೊಗಳನ್ನು ಒಂದಾದ ಮೇಲೊಂದು ನೋಡಿದಳು. ಬಂದರಿನಿಂದ ಬಸ್ಸು ನಗರದ ನಡುವಿನ ಶಾಪಿಂಗ್ ಮಾಲಿಗೆ ತಂದು ಬಿಡುತ್ತದೆ, ಸಂಜೆ ಅಲ್ಲಿಂದಲೇ ವಾಪಸ್ಸು. ನಗರದ ಉತ್ತರಕ್ಕೆ ಚತುಚಾಕ್ ಎಂಬ ಮಾರ್ಕೆಟ್. ರಸೆಲ್ ಮಾರ್ಕೆಟ್ಟಿನಂಥದ್ದು ಇಪ್ಪತ್ತು ಸೇರಿಸಿದರೆ ಎಷ್ಟೋ ಅಷ್ಟು ದೊಡ್ಡದು. ವಿಡಿಯೊದ ಹುಡುಗಿ ಜನರ ನಡುವೆ ಈಜುವಂತೆ ನಡೆಯುತ್ತಿದ್ದಳು. ಮಾವ ಕಳೆದುಹೋಗುವುದು ಅಲ್ಲಿ. ಅಂದರೆ, ಪೊಲೀಸರಿಗೆ ಹೇಳುವುದು ಹಾಗೆ. ನಿಜವಾಗಿ ಬಿಡುವುದು ನದಿಯ ಆಚೆ, ಪ್ರವಾಸಿಗರು ಕಾಲಿಡದ ಒಂದು ಗುಡಿಯಲ್ಲಿ. ಪೊಲೀಸರು ಉತ್ತರದಲ್ಲಿ ಹುಡುಕುತ್ತಿರುತ್ತಾರೆ, ಮಾವ ನೈಋತ್ಯದಲ್ಲಿ ಊಟ ಮಾಡುತ್ತಿರುತ್ತಾರೆ. ಚತುಚಾಕಿನ ಗಡಿಯಾರದ ಗೋಪುರ, ತೆಂಗಿನ ಚಿಪ್ಪಿನಲ್ಲಿ ಐಸ್‌ಕ್ರೀಮ್ ಕೊಡುವ ಮೂಲೆ, ಚೀಲಗಳ ಸಾಲು, ಎಲ್ಲವನ್ನೂ ತಾನೇ ಓಡಾಡಿದವಳಂತೆ ಬಾಯಿಪಾಠ ಮಾಡಿದಳು.

ಮಾವನ ಅಂಗಿಗಳ ಕಾಲರಿನೊಳಗೆ ಅವಳೇ ಹೆಸರು, ಫೋನ್ ನಂಬರು ಹೊಲಿದಿದ್ದಳು. ಅವನ್ನೆಲ್ಲ ಮನೆಯಲ್ಲೇ ಬಿಟ್ಟು ಕಮರ್ಷಿಯಲ್ ಸ್ಟ್ರೀಟಿನಲ್ಲಿ ಹೊಸವು ತಗೊಂಡಳು. ಬಿಳಿ ಅಂಗಿಯ ಮೇಲೆ ನೀಲಿ ಅಂಗಿ ತೊಡಿಸುವುದು. ಮಾಲಿನ ಕ್ಯಾಮೆರಾ ನೀಲಿಯನ್ನು ನೋಡಲಿ, ಗುಡಿಯವರು ಬಿಳಿಯನ್ನು ನೋಡಲಿ. ಪೊಲೀಸರಿಗೆ ಕೊಡಲು ಮೀಸೆಯಿದ್ದ ಕಾಲದ ಫೋಟೊ. ತನ್ನ ಫೋನು ಆ ದಿನ ಹಡಗಿನ ರೂಮಿನಲ್ಲೇ.

ಹಡಗಿನಲ್ಲಿ ಬೆಂಗಳೂರಿನದ್ದೇ ಒಂದು ಗುಂಪಿತ್ತು. ಕರೆದುಕೊಂಡು ಬಂದವನು ತೌಹೀದ್ ಎಂಬ ಟೂರ್ ಮ್ಯಾನೇಜರ್. ಫ್ರೇಜರ್ ಟೌನಿನ ಜಹನಾರಾ ಎಂಬ ಹೆಂಗಸು ಮೊದಲ ದಿನವೇ ಅಕ್ಕಾ ಅಕ್ಕಾ ಅಂತ ಹಚ್ಚಿಕೊಂಡಳು. ಅವಳ ಗಂಡ ಮುನೀರನದು ಶಿವಾಜಿನಗರದಲ್ಲಿ ಬ್ಯಾಗಿನ ಅಂಗಡಿ.

"ನೀವು ಊಟ ಮಾಡ್ಕೊಳ್ಳಿ ಅಕ್ಕಾ, ಅಬ್ಬಾನ್ನ ನಾನ್ ನೋಡ್ಕೋತೀನಿ," ಅನ್ನುತ್ತಾ ಮಾವನಿಗೆ ಚಮಚದಲ್ಲಿ ಮೊಸರನ್ನ ತಿನ್ನಿಸುವಳು. ಎಷ್ಟೋ ವರ್ಷದ ಮೇಲೆ ಶಾಂತಕುಮಾರಿ ಬಿಸಿ ಅನ್ನ ಬಿಸಿಯಿದ್ದಾಗಲೇ ಉಂಡಳು. ಇಂಥ ಒಬ್ಬಳು ಮರ್ಫಿ ಟೌನಿನ ಪಕ್ಕದ ಮನೆಯಲ್ಲಿದ್ದಿದ್ದರೆ ಎಂದು ಒಂದು ಗಳಿಗೆ ಅನ್ನಿಸಿತು. ಇರಲಿಲ್ಲವಲ್ಲ.

ಸೈಗಾನಿನಲ್ಲಿ ಹಡಗು ನಿಂತಾಗ ಅಭ್ಯಾಸವಾಯಿತು. ತೌಹೀದ್ ಬಾವುಟ ಹಿಡಿದು ಮುಂದೆ ಓಡುತ್ತಿದ್ದ, ಗುಂಪು ಹಿಂದೆ. ಒಂದು ಚರ್ಚು, ಒಂದು ಪೋಸ್ಟಾಫೀಸು, ಒಂದು ಲೋಟ ಕಾಫಿ, ಫೋಟೊ, ಬಸ್ಸು. ನಗರವನ್ನು ಯಾರೂ ನೋಡುತ್ತಿರಲಿಲ್ಲ, ಗಡಿಯಾರ ನೋಡುತ್ತಿದ್ದರು. ಒಬ್ಬರು ಪಕ್ಕದಲ್ಲಿ ಇದ್ದಾರೋ ಇಲ್ಲವೋ ಎಂದು ಸಂಜೆ ಬಸ್ಸು ಹತ್ತುವಾಗಲೇ ಎಣಿಕೆ. ಅವಳಿಗೆ ಬೇಕಾಗಿದ್ದದ್ದೂ ಅದೇ.

ಬ್ಯಾಂಕಾಕಿನಲ್ಲಿ ಎಲ್ಲ ಅಂದುಕೊಂಡಂತೆಯೇ ನಡೆಯಿತು. ಮಾಲಿನ ಮುಂದೆ ಬಸ್ಸು ಇಳಿದ ಗುಂಪು ಚೆದುರಿತು. ಹಲಸೂರು ಸ್ಟೇಷನ್ನಿನಲ್ಲಿ ಹತ್ತಿ ಇಳಿದು ರೂಢಿಯಿದ್ದ ಅವಳಿಗೆ ಅಲ್ಲಿಯ ಮೆಟ್ರೊ ಕಷ್ಟವಾಗಲಿಲ್ಲ. ಮಾವನ ಕೈ ಹಿಡಿದು ನದಿಯವರೆಗೆ ಬಂದಳು. ದೋಣಿಕಟ್ಟೆಯ ಮರೆಯಲ್ಲಿ ನೀಲಿ ಅಂಗಿ ಬಿಚ್ಚಿ ಕಸದ ಡಬ್ಬಿಗೆ ಹಾಕಿದಳು. ದೋಣಿಯಲ್ಲಿ ಮಾವ ಗಾಳಿಗೆ ಮುಖವೊಡ್ಡಿ ಕೂತರು. "ಹಲಸೂರು ಕೆರೆ ಎಷ್ಟು ದೊಡ್ಡದಾಗ್ಬಿಟ್ಟಿದೆ," ಅಂದರು.

ಓಣಿಯೊಳಗಿನ ಗುಡಿ ಚಿಕ್ಕದು. ಅಂಗಳದಲ್ಲಿ ಸಂಪಿಗೆ ಮರ, ಕೆಳಗೆ ಬೆಕ್ಕುಗಳು. ಒಳಗೆ ಏಳೆಂಟು ಭಿಕ್ಷುಗಳು ಕೂತು ಪಠಿಸುತ್ತಿದ್ದರು. ರಾಗ ಬೇರೆ, ಉಚ್ಚಾರ ಬೇರೆ. ಆದರೂ ಮಾವ ಬಾಗಿಲಲ್ಲೇ ನಿಂತು ಕಿವಿಗೊಟ್ಟರು. ಚಪ್ಪಲಿ ತಾವೇ ಬಿಚ್ಚಿದರು. ಮನೆಯಲ್ಲಿ ಅದನ್ನೂ ಅವಳೇ ಬಿಚ್ಚಬೇಕಿತ್ತು. ಗೋಡೆಗೊರಗಿ ಕೂತು, ಕೈ ಮುಗಿದು, ದನಿಗೂಡಿಸಿದರು. ಎರಡನೆಯ ಸಲದ ದುತಿಯಂಪಿ, ಮೂರನೆಯ ಸಲದ ತತಿಯಂಪಿ. ಒಂದಕ್ಷರ ತಪ್ಪಲಿಲ್ಲ. ಒಬ್ಬ ಮುದಿ ಭಿಕ್ಷು ಕಣ್ಣು ತೆರೆದು ನೋಡಿ ನಕ್ಕು ಮತ್ತೆ ಮುಚ್ಚಿಕೊಂಡ.

ಶಾಂತಕುಮಾರಿ ಅಷ್ಟು ಹೊತ್ತು ಇರಬೇಕೆಂದುಕೊಂಡಿರಲಿಲ್ಲ. ಬಾಟಲಿಯ ನೀರನ್ನು ಅವರ ಪಕ್ಕಕ್ಕಿಟ್ಟಳು. ಪಠಣ ಮುಗಿದಾಗ ಮಾವ ಅವಳತ್ತ ತಿರುಗಿದರು. ಮುಖ ತಿಳಿಯಾಗಿತ್ತು.

"ನೀನು ಹೋಗಮ್ಮ, ನಿಂಗೆ ಲೇಟಾಗುತ್ತೆ. ನಾನು ಶಿಫ್ಟ್ ಮುಗಿಸ್ಕೊಂಡು ಬರ್ತೀನಿ."

"ಆಯ್ತು ಮಾವ," ಅಂದಳು.

ಹಿಂತಿರುಗುವ ದೋಣಿಯಲ್ಲಿ ಅವಳು ಕೂತಲ್ಲೇ ನಿದ್ದೆ ಹೋದಳು. ಯಾರೂ ಸೆರಗು ಎಳೆಯಲಿಲ್ಲ. ಕಟ್ಟೆ ಬಂದಾಗ ದೋಣಿಯವನು ತಟ್ಟಿ ಎಬ್ಬಿಸಬೇಕಾಯಿತು. ಸೆರಗು ಅವಳ ಮುಷ್ಟಿಯಲ್ಲೇ ಇತ್ತು.

ಬಸ್ಸು ಹೊರಡುವ ಹೊತ್ತಿಗೆ ಮಾಲಿನ ಮುಂದೆ ಅವಳು ಅತ್ತ ಅಳು ನಾಟಕದ್ದಾಗಿರಲಿಲ್ಲ. ಎಷ್ಟೋ ವರ್ಷದ್ದು ಸೇರಿಕೊಂಡು ಬಂದಿತ್ತು. ಜಹನಾರಾ ಓಡಿಬಂದು ತಬ್ಬಿಕೊಂಡಳು. ತೌಹೀದ್ ಬಂದರಿಗೆ ಫೋನ್ ಮಾಡಿದ, ಹೇಮಶ್ರೀಗೆ ಫೋನ್ ಮಾಡಿದ, ಕಡೆಗೆ ಪೊಲೀಸರನ್ನು ಕರೆಸಿದ. ಬಂದವಳು ಕನ್ನಡಕದ ಒಬ್ಬ ಯುವತಿ, ಇಂಗ್ಲಿಷ್ ಬಲ್ಲವಳು, ಮೃದು ಮಾತಿನವಳು. ಕುರ್ಚಿ ಹಾಕಿಸಿ, ನೀರು ಕೊಡಿಸಿ, ಎಲ್ಲಿ ಕಳೆದುಹೋದರು ಎಂದು ಕೇಳಿದಳು.

ಶಾಂತಕುಮಾರಿ ಹೇಳಿದಳು, ತೌಹೀದ್ ಇಂಗ್ಲಿಷಿಗೆ ತಿರುಗಿಸಿದ. ಚತುಚಾಕ್ ಮಾರ್ಕೆಟ್. ಕಾಲಿಡಲು ಜಾಗವಿರಲಿಲ್ಲ. ಗಡಿಯಾರದ ಗೋಪುರದ ಹತ್ತಿರ ಮಾವನನ್ನು ನಿಲ್ಲಿಸಿ, ತೆಂಗಿನ ಚಿಪ್ಪಿನ ಐಸ್‌ಕ್ರೀಮ್ ಕೇಳಿದರೆಂದು ತರಲು ಹೋದೆ. ಸಾಲು ಉದ್ದವಿತ್ತು. ಹಿಂತಿರುಗುವಷ್ಟರಲ್ಲಿ ಚೀಲದ ಅಂಗಡಿಗಳ ಕಡೆಯಿಂದ ಒಂದು ಗುಂಪು ನುಗ್ಗಿತು, ನೀಲಿ ಅಂಗಿ ಅದರೊಳಗೆ ಮುಳುಗಿಹೋಯಿತು. ಹುಡುಕಿದೆ, ಅಂಗಡಿಯವರನ್ನೆಲ್ಲ ಕೇಳಿದೆ. ಎಲ್ಲವೂ ಸರಾಗವಾಗಿ ಬಂತು. ಹೇಳುತ್ತಾ ಹೇಳುತ್ತಾ ಅವಳಿಗೇ ಅದು ನಡೆದಂತೆ ಅನ್ನಿಸಿತು.

ಪೊಲೀಸಿನವಳು ಮೊದಲ ಒಂದೆರಡು ಮಾತಿಗೇ ಬರೆಯುವುದನ್ನು ನಿಲ್ಲಿಸಿದ್ದಳು. ತಡೆಯದೆ ಕೊನೆಯವರೆಗೂ ಹೇಳಲು ಬಿಟ್ಟು, ಕನ್ನಡಕ ತೆಗೆದು ಶಾಂತಕುಮಾರಿಯ ಮುಖವನ್ನೇ ನೋಡುತ್ತಾ ಕೂತಿದ್ದಳು. ಪಾಪ, ದುಃಖದಲ್ಲಿ ಗೊಂದಲವಾಗಿದೆ, ಸರಿಪಡಿಸೋಣವೆಂದು ಜಹನಾರಾ ಅವಳ ಬೆನ್ನು ಸವರಿದಳು. "ಅಕ್ಕಾ, ಸಮಾಧಾನ ಮಾಡ್ಕೊಂಡು ಇನ್ನೊಂದ್ಸಲ ನೆನಪು ಮಾಡ್ಕೊಳ್ಳಿ. ಅದು ಬೇರೆ ಯಾವ್ದೋ ಜಾಗ ಇರ್ಬೇಕು. ಇವ್ರಿಗೆ ಬ್ಯಾಗ್ ನೋಡ್ಬೇಕಂತ ನಾವು ಬೆಳಿಗ್ಗೆ ಬಸ್ ಇಳಿದು ಸೀದಾ ಚತುಚಾಕಿಗೇ ಹೋಗಿದ್ವಿ. ಶಟರೆಲ್ಲ ಎಳೆದಿತ್ತು, ದಾರೀಲಿ ನಾಯಿ ಮಲ್ಗಿದ್ವು, ಒಂದು ನರಪಿಳ್ಳೆ ಇರ್ಲಿಲ್ಲ. ಆ ಮಾರ್ಕೆಟ್ಟು ಶನಿವಾರ ಭಾನುವಾರ ಮಾತ್ರ ಅಂತೆ ಅಕ್ಕಾ. ಇವತ್ತು ಮಂಗಳವಾರ."