ಕೆಳಗಿನವರ ಸೂರು

"ಅಪ್ಪಾ, ನಿಲ್ಸು! ಕೆಳಗಿನವರ ಸೂರು ತೂತಾಗತ್ತೆ!"

ಶಾಲೆಯ ಮೈದಾನಕ್ಕೆ ಬೋರ್‌ವೆಲ್ ಕೊರೆಯುವ ಲಾರಿ ಬಂದಿತ್ತು. ಕೊರೆಯುವವನು ಚೂಟಿಯ ಅಪ್ಪನೇ. ಊಟದ ಬೆಲ್ ಆಗಿದ್ದೇ ತಡ, ಐದನೇ ಕ್ಲಾಸಿನ ಚೂಟಿ ಸುತ್ತ ಕಟ್ಟಿದ್ದ ಹಗ್ಗದ ಈಚೆ ನಿಂತು ಗಂಟಲು ಹರಿಯುವ ಹಾಗೆ ಕೂಗಿದಳು.

ಅಪ್ಪ ಮಷಿನ್ ಆಫ್ ಮಾಡಿದ. "ಯಾರ ಸೂರೇ?"

"ಭೂಮಿ ಒಳಗೆ ಪೊಳ್ಳಲ್ವಾ? ಅಲ್ಲೊಬ್ಬ ಪುಟ್ಟ ಸೂರ್ಯ ಇದಾನೆ, ಜನ ಇದಾರೆ. ಆಳದ ಬಾವಿಗಳ ತಳದಲ್ಲಿ ಅವರ ಬಾಗಿಲಿದೆ. ಅಜ್ಜಿನೇ ಹೇಳಿದ್ದು!"

ಹಿಂದೆ ನಿಂತಿದ್ದ ಹುಡುಗರೆಲ್ಲ ಘೊಳ್ಳೆಂದು ನಕ್ಕರು. "ನಿಮ್ಮಜ್ಜಿ ಚೆನ್ನಾಗಿ ರೈಲು ಬಿಡ್ತಾರೆ ಕಣೇ!" ಎಂದ ಕ್ಲಾಸ್ ಲೀಡರ್.

ಚೂಟಿಗೆ ಅಳು ಬರುವಷ್ಟು ಅವಮಾನವಾಯಿತು. ತನ್ನನ್ನು ಏನು ಬೇಕಾದರೂ ಅನ್ನಲಿ, ಅಜ್ಜಿಯನ್ನು ಅನ್ನುವುದೇ?

ಅಪ್ಪ ಮಾತ್ರ ನಗಲಿಲ್ಲ. ಅವಳನ್ನು ಲಾರಿಯ ಪಕ್ಕಕ್ಕೆ ಕರೆದೊಯ್ದ. ಅಲ್ಲಿ ಪುಟ್ಟ ಪುಟ್ಟ ಮಣ್ಣಿನ ಗುಡ್ಡೆಗಳು ಸಾಲಾಗಿದ್ದವು. ಒಂದೊಂದು ರಾಡ್ ಇಳಿದಾಗಲೂ ಮೇಲೆ ಬಂದ ಪುಡಿಯಲ್ಲಿ ಒಂದು ಬೊಗಸೆ ತೆಗೆದಿಡುವುದು ಅವನ ಪದ್ಧತಿ. ಕೆಳಗೆ ಏನಿದೆ ಅಂತ ಗೊತ್ತಾಗುವುದು ಅದರಿಂದಲೇ.

"ನೋಡು, ಇದು ಕೆಂಪು ಮಣ್ಣು. ಇದು ಜೇಡಿ. ಆಮೇಲೆಲ್ಲ ಬರೀ ಕಲ್ಲು. ಇನ್ನೂರು ಅಡಿ ಇಳಿಸಿದೀನಿ."

"ಪೊಳ್ಳು?"

"ಇಷ್ಟು ವರ್ಷದಲ್ಲಿ ಒಂದು ಸಲಾನೂ ಸಿಕ್ಕಿಲ್ಲ ಮಗಳೇ."

ಚೂಟಿಯ ಕಣ್ಣು ತುಂಬಿತು. "ಹಾಗಾದ್ರೆ ಅಜ್ಜಿ ಸುಳ್ಳು ಹೇಳಿದ್ಲಾ?"

ಅಪ್ಪ ಅವಳನ್ನು ಲಾರಿಯ ಮೆಟ್ಟಿಲ ಮೇಲೆ ಕೂರಿಸಿಕೊಂಡ. "ನಿಮ್ಮ ತಾತ ಬಾವಿ ತೋಡ್ತಿದ್ರು. ಆಗೆಲ್ಲಿತ್ತು ಮಷಿನ್? ಹಗ್ಗ ಹಿಡ್ಕೊಂಡು ಇಳೀತಿದ್ರು. ನಾನು ನಿನ್ನಷ್ಟಿದ್ದೆ. ಮಣ್ಣು ಕುಸಿದುಬಿಟ್ರೆ ಅಂತ ಬಾವಿ ಹತ್ರಾನೇ ಕೂತು ಅಳ್ತಿದ್ದೆ. ಸ್ಕೂಲಿಗೆ ಹೋಗು ಅಂದ್ರೆ ಸುತರಾಂ ಒಪ್ತಿರಲಿಲ್ಲ. ಆಗ ನಮ್ಮಮ್ಮ ಹೇಳಿದ್ಲು, ಕೆಳಗೆ ಜನ ಇದಾರೆ ಕಣೋ, ನಿಮ್ಮಪ್ಪನ್ನ ಅವರು ನೋಡ್ಕೋತಾರೆ, ಸಂಜೆ ಜೋಪಾನವಾಗಿ ಮೇಲೆ ಕಳಿಸ್ತಾರೆ ಅಂತ."

"ನೀನು ನಂಬಿದ್ಯಾ?"

"ನಂಬಿದ್ದಕ್ಕೇ ಸ್ಕೂಲಿಗೆ ಹೋದೆ."

ಮಧ್ಯಾಹ್ನವಿಡೀ ಚೂಟಿಗೆ ಪಾಠ ತಲೆಗೆ ಹೋಗಲಿಲ್ಲ. ಅಪ್ಪ ಸ್ಕೂಲಿಗೆ ಹೋದ, ಸರಿ. ಆಮೇಲೆ ಮನೆಯಲ್ಲಿ ಉಳಿದವರು ಯಾರು?

ಸಂಜೆ ಅಜ್ಜಿ ಒಣಗಿದ ಬಟ್ಟೆ ಮಡಚುತ್ತಿದ್ದಳು. ಚೂಟಿ ಬ್ಯಾಗು ಮೂಲೆಗೆಸೆದು ಪಕ್ಕದಲ್ಲಿ ಕೂತಳು.

"ಅಜ್ಜೀ, ತಾತ ಬಾವಿಗೆ ಇಳಿದಾಗ ಅಪ್ಪಂಗೆ ನೀನು ಕತೆ ಹೇಳ್ದೆ. ನಿಂಗೆ ಯಾರು ಹೇಳ್ತಿದ್ರು?"

ಅಜ್ಜಿಯ ಕೈ ನಿಂತಿತು.

"ನಂಗ್ಯಾರು ಹೇಳ್ತಾರೆ ಪುಟ್ಟಾ? ನಿಮ್ಮಪ್ಪಂಗೆ ಹೇಳೋವಾಗ ಸ್ವಲ್ಪ ಜೋರಾಗಿ ಹೇಳ್ತಿದ್ದೆ. ನಂಗೂ ಕೇಳಿಸ್ಲಿ ಅಂತ."

ಚೂಟಿ ಅಜ್ಜಿಗೆ ಒತ್ತಿಕೊಂಡು ಕೂತಳು. "ಇವತ್ತು ಆ ಕತೆ ನಾನು ಹೇಳ್ತೀನಿ. ನೀನು ಸುಮ್ನೆ ಕೇಳು."