ಗೈಡಿನ ಕೋಟು

ನನಗೆ ತಲೆ ಕೆಟ್ಟಿದೆ ಅಂದುಕೊಂಡರೂ ಸರಿ, ನಡೆದದ್ದನ್ನು ಹೇಳುತ್ತೇನೆ. ನಮ್ಮ ಪ್ರವಾಸಿ ಮಾಹಿತಿ ಕೇಂದ್ರದ ಗೈಡನ್ನು ಯಾರೋ ಪ್ರವಾಸಿಗರು ಕೋಟೆಯ ಮೇಲೆ ಕಲ್ಲಿನಿಂದ ಜಜ್ಜಿ ಕೊಂದಿದ್ದರು. ಅವನ ನೀಲಿ ಕೋಟನ್ನು ನೆನಪಿಗೆಂದು ನನ್ನ ಕುರ್ಚಿಯ ಹಿಂದಿನ ಮೊಳೆಗೆ ನೇತುಹಾಕಿದ್ದೆವು. ಯಾರೂ ಅದನ್ನು ಮುಟ್ಟುತ್ತಿರಲಿಲ್ಲ.

ಒಂದು ಮಧ್ಯಾಹ್ನ ಮೈಯೆಲ್ಲ ರಕ್ತವಾಗಿದ್ದ ಹೆಂಗಸೊಬ್ಬಳು ಓಡಿಬಂದಳು. "ನಿಮ್ ಗೈಡು ನಮ್ಮನೆಯವರ ತಲೆ ಜಜ್ಜಿಬಿಟ್ಟ. ಕಾಲು ಹಿಡ್ಕೊಂಡ್ರೂ ಬಿಡ್ಲಿಲ್ಲ. ಕೋಟೆ ಕಥೆ ಹೇಳ್ತಾ ಹೇಳ್ತಾನೇ ಹೊಡೀತಿದ್ದ."

"ನಮ್ಮಲ್ಲಿ ಈಗ ಗೈಡೇ ಇಲ್ಲಮ್ಮ," ಅಂದೆ.

ಅವಳು ನನ್ನ ಬೆನ್ನ ಹಿಂದೆ ನೋಡಿ ಬೆರಳು ತೋರಿಸಿದಳು. "ಇದೇ ಕೋಟು."

ಬೆಳಗ್ಗಿನಿಂದ ನಾನು ಕುರ್ಚಿ ಬಿಟ್ಟು ಎದ್ದಿರಲಿಲ್ಲ. ತಿರುಗಿ ನೋಡಿದರೆ, ಬಿಚ್ಚಿಯೇ ಇರುತ್ತಿದ್ದ ಗುಂಡಿಗಳೆಲ್ಲ ಹಾಕಿದ್ದವು. ತೋಳಿನಿಂದ ರಕ್ತ ತೊಟ್ಟಿಕ್ಕುತ್ತಿತ್ತು.

ಕೋಟನ್ನು ಪೊಲೀಸರು ಒಯ್ದರು. ಆ ಮೊಳೆ ಮಾತ್ರ, ಮುಟ್ಟಿದರೆ, ಇವತ್ತಿಗೂ ಬದುಕಿರುವವರ ಮೈಯಷ್ಟೇ ಬೆಚ್ಚಗಿರುತ್ತದೆ.